ಪೆನ್ನು ಬಂದಾಗ ಕಳಚಿದ ನೆಂಟಸ್ತಿಕೆ

ಜರ್ಮನ್ ನಿಘಂಟಿನಲ್ಲಿ ಒಂದೇ ಥರ ಬರೆಯುವ ಎರಡು ಪದಗಳು ಅಕ್ಕಪಕ್ಕ ವಾಸವಾಗಿದ್ದವು. ಇಬ್ಬರ ಹೆಸರೂ ‘ಮೋಡರ್ನ್’. ಒಬ್ಬನ ಅರ್ಥ ಕೊಳೆಯುವುದು, ಇನ್ನೊಬ್ಬನ ಅರ್ಥ ಹೊಸ ಕಾಲದ್ದು. ಕೊಳೆಯುವವನು ಕಂಡವರಿಗೆಲ್ಲ, “ಆ ಹೊಸ ಕಾಲದವನು ನನ್ನ ಒಡಹುಟ್ಟಿದ ಅಣ್ಣ, ಮುಖ ನೋಡಿದರೆ ತಿಳಿಯದೇ?” ಎಂದು ಹೇಳಿಕೊಂಡು ಮರ್ಯಾದೆ ಗಿಟ್ಟಿಸುತ್ತಿದ್ದ.

ಹೊಸ ಮುದ್ರಣಕ್ಕೆ ಪುಟ ಸಾಲದಾಯಿತು. ತಿದ್ದುವ ಕೆಂಪು ಪೆನ್ನು ಬಂದು, “ಒಂದೇ ಮನೆಯವರು ಇಬ್ಬರೇಕೆ? ತಮ್ಮನನ್ನು ಹೊಡೆದುಹಾಕುತ್ತೇನೆ” ಎಂದಿತು.

“ಅಯ್ಯೋ ಸ್ವಾಮಿ, ಎಲ್ಲಿಯ ಅಣ್ಣ! ಅವನು ಫ್ರಾನ್ಸಿನಿಂದ ಬಂದವನು, ನಾನು ಇಲ್ಲಿಯ ಕೆಸರಿನಲ್ಲೇ ಹುಟ್ಟಿದವನು. ಬೇಕಾದರೆ ಕರೆದು ನೋಡಿ, ನನ್ನ ಹೆಸರಿನ ಮೊದಲಲ್ಲಿ ದನಿಯ ಒತ್ತು, ಅವನದಕ್ಕೆ ಕೊನೆಯಲ್ಲಿ!”

ಪೆನ್ನು ಎರಡೂ ಥರ ಕರೆದು ನೋಡಿ ಒಪ್ಪಿತು. “ಸರಿ, ಇಬ್ಬರೂ ಇರಿ. ಗುರುತಿಗೆ ನಂಬರು ಹಾಕುತ್ತೇನೆ.”

ಕೊಳೆಯುವವನು ಬೆವರು ಒರೆಸಿಕೊಂಡು ಕೇಳಿದ: “ಒಂದನೇ ನಂಬರು ನನಗೇ ತಾನೇ?”