ಎರಡು ಗೇಣು ಕೂಡಿಸುವ ಸಾಲು

ಹೊಳೆದಂಡೆಯ ಮಠದಲ್ಲಿ ಅಡವಯ್ಯ ಗುರುಗಳು ಒಂದು ತಂತ್ರಾಂಶ ಬರೆದಿದ್ದರು. ಅಂಬಿಗ ಹುಲಿಗೆಪ್ಪ ಬೆಳಗ್ಗೆ ಅಳತೆಗಲ್ಲು ನೋಡಿ ನೀರಿನ ಮಟ್ಟ ಹೇಳಿದರೆ ಸಾಕು, ದೋಣಿ ಬಿಡಬಹುದೋ ಬಿಡಬಾರದೋ ಎಂದು ಅದು ಎಲ್ಲರ ಫೋನಿಗೆ ತಿಳಿಸುತ್ತಿತ್ತು. ಅದರ ಒಳಗಿನ ಸಾಲುಗಳನ್ನು ಯಾರು ಬೇಕಾದರೂ ಓದಬಹುದಿತ್ತು, ತಿದ್ದಬಹುದಿತ್ತು.

ಶಿಷ್ಯ ರುದ್ರಮುನಿಗೆ ಮೂಗಿನ ತುದಿಯಲ್ಲೇ ಕೋಪ. ನೀರಿನ ಮಟ್ಟಕ್ಕೆ ಎರಡು ಗೇಣು ಕೂಡಿಸುವ ಸಾಲೊಂದಿತ್ತು. ಅದರ ಪಕ್ಕದಲ್ಲಿ ಗುರುಗಳ ಟಿಪ್ಪಣಿ: "ಇದನ್ನು ಮುಟ್ಟಿದವನು ಕತ್ತೆ."

ಊರೆಲ್ಲ ಓದುವ ಕಡೆ ಇದೆಂಥ ಮಾತು ಎಂದು ಅವನ ಮೈ ಉರಿಯಿತು. "ದಯವಿಟ್ಟು ಇದನ್ನು ಬದಲಿಸಬೇಡಿ" ಎಂದು ತಿದ್ದಿ ಒಯ್ದ.

"ಬೈಗುಳ ಹೋತು. ಅದರ ಬದಲಿಗೆ ಏನು ಬಂತು?" ಎಂದು ಗುರುಗಳು ಹಿಂದಿರುಗಿಸಿದರು.

ಎರಡನೆಯ ಸಲ ಅವನು ನಿಘಂಟು ಬಿಚ್ಚಿಕೊಂಡು ಕೂತ. "ಪ್ರಸ್ತುತ ಜಲಮಟ್ಟಕ್ಕೆ ಎರಡು ಗೇಣುಗಳನ್ನು ಸಂಯೋಜಿಸಲಾಗಿದೆ."

"ಕೂಡಿಸೂದು ಸಾಲಿನಾಗೇ ಕಾಣತೈತಿ. ಮತ್ತ ಅದನ್ನ ಯಾಕ ಒದರ್ತಿ?"

ರುದ್ರಮುನಿಯ ಸಿಟ್ಟು ನೆತ್ತಿಗೇರಿತು. ಬುಡವಿಲ್ಲದ ಒಂದು ಸಾಲಿಗೆ ಇಷ್ಟು ಜಂಬವೇ ಎಂದುಕೊಂಡು ಟಿಪ್ಪಣಿಯನ್ನೂ ಸಾಲನ್ನೂ ಒಟ್ಟಿಗೇ ಅಳಿಸಿದ. ಮಠದ ಕಸ ಗುಡಿಸಿದಷ್ಟು ಸಮಾಧಾನವಾಯಿತು.

ಮರುದಿನ ಹೊಳೆ ಏರಿತ್ತು. ಫೋನು ಮಾತ್ರ "ದೋಣಿ ಬಿಡಬಹುದು" ಎಂದಿತು. ಹುಲಿಗೆಪ್ಪ ದೋಣಿಯನ್ನು ಗೂಟಕ್ಕೆ ಕಟ್ಟಿ ಸುಮ್ಮನೆ ಕೂತಿದ್ದ. ಸಂತೆಗೆ ಹೊರಟ ಹತ್ತು ಜನ ಅವನನ್ನು ಹರಿದು ತಿನ್ನುವಂತೆ ಬೈಯುತ್ತಿದ್ದರು. ರುದ್ರಮುನಿಯೂ ದನಿ ಸೇರಿಸಿದ. ಲೆಕ್ಕ ಬಲ್ಲ ಯಂತ್ರಕ್ಕಿಂತ ನೀನು ದೊಡ್ಡವನೋ ಎಂದು ಕೇಳಿದ.

ಹುಲಿಗೆಪ್ಪ ಎದ್ದು ನಿಂತ.

"ಹಿಂದಿನ ಪ್ರವಾಹಕ್ಕ ಆ ಅಳತೆಗಲ್ಲು ಉರುಳಿತು. ತಿರುಗಿ ಎರಡು ಗೇಣಿನ ಕಟ್ಟಿ ಮ್ಯಾಲ ನಿಲ್ಲಿಸೇವಿ. ಕಲ್ಲು ಆರು ಗೇಣು ಅಂದ್ರ ನೀರು ಎಂಟು. ಇದು ನನಗ ಗೊತ್ತು. ನಾಳಿಂದ ನನ್ನ ಅಳಿಯ ದೋಣಿ ಹಾಕ್ತಾನ. ಅವಗ ಗೊತ್ತಿಲ್ಲ, ಅವ ಫೋನು ನಂಬ್ತಾನ."

ಬೈಯುತ್ತಿದ್ದವರು ಗಂಟು ಇಳಿಸಿ ದಂಡೆಯಲ್ಲೇ ಕೂತರು. ರುದ್ರಮುನಿ ಮಠಕ್ಕೆ ಓಡಿ, ಅಳಿಸಿದ ಸಾಲನ್ನು ಮೊದಲು ತಿರುಗಿ ಬರೆದ. ಹೆದರಿಕೆ ಇಳಿಯುತ್ತಲೇ ಸಿಟ್ಟು ಮತ್ತೆ ಬಂತು. ಈ ಸಲ ಅದು ಗುರುಗಳ ಮೇಲೆ. ನೇರ ಹೋಗಿ ಅವರ ಮುಂದೆ ನಿಂತ.

"ಕಲ್ಲಿನ ಕಾರಣ ಹುಲಿಗೆಪ್ಪ ಹೇಳಿದ. ಅದು ನಿಮಗೂ ಗೊತ್ತಿತ್ತು, ಅಪ್ಪಾರ. ಕತ್ತೆ ಅಂತ ಬರದ ಕೈ ಅದನ್ನ ಯಾಕ ಬರೀಲಿಲ್ಲ?"

ಗುರುಗಳ ಮುಖ ಕೆಂಪಾಯಿತು. ಇವತ್ತು ಕೋಲು ಬೀಳುತ್ತದೆ ಎಂದೇ ಶಿಷ್ಯ ತಿಳಿದ. ಅವರು ಹೊಳೆಯ ಕಡೆ ತಿರುಗಿ ಹೇಳತೊಡಗಿದರು. ರುದ್ರಮುನಿ ಮಠಕ್ಕೆ ಬರುವ ಮೊದಲೊಮ್ಮೆ ಹುಲಿಗೆಪ್ಪ ಜ್ವರದಲ್ಲಿ ಮಲಗಿದ್ದಾಗ ಯಾರೋ ಇದೇ ಸಾಲನ್ನು ಅಳಿಸಿದ್ದರು. ಬದಲಿಗೆ ಬಂದ ಅಂಬಿಗ ಫೋನು ನಂಬಿ ದೋಣಿ ಬಿಟ್ಟ. ನಡುಹೊಳೆಯಲ್ಲಿ ಅದು ಮಗುಚಿತು, ಮೂವರು ದಡ ಸೇರಲಿಲ್ಲ. ಆ ಸಂಜೆ ಹೊಟ್ಟೆ ಉರಿದು ಬರೆದ ಟಿಪ್ಪಣಿ ಅದು.

ರುದ್ರಮುನಿ ತಲೆ ತಗ್ಗಿಸಿದ. ಹಾಗಾದರೆ ಗುರುಗಳ ಬೈಗುಳವನ್ನೇ ತಿರುಗಿ ಇಡುತ್ತೇನೆ ಎಂದ.

"ಬ್ಯಾಡ. ಆ ಸಿಟ್ಟು ನಂದು, ಅದು ಹೋಗ್ಲಿ. ಹುಲಿಗೆಪ್ಪ ಕಲ್ಲಿನ ಬಗ್ಗೆ ಆಡಿದ ಮಾತು ಬರಿ."