ಸೇತುವೆ ಕೆಳಗಿನ ರಾಜಿ

ಗುತ್ತಿಗೆದಾರ ಸಂಗನಗೌಡರು ಕಟ್ಟಿಸಿದ ಹಳ್ಳದ ಸೇತುವೆ ಇಂದೋ ನಾಳೆಯೋ ಬೀಳುತ್ತದೆ ಎಂದು ಊರಿನ ವಾರಪತ್ರಿಕೆಯಲ್ಲಿ ಬರೆದವಳು ನೀಲವ್ವ. ಗೌಡರು ಮಾನನಷ್ಟದ ದಾವೆ ಹೂಡಿದರು. ಎರಡು ಸಲ ರಾಜಿಗೆ ಕರೆದರೂ ಆಕೆ ಬಗ್ಗಲಿಲ್ಲ. ಮೂರನೆಯ ಸಲ ಗೌಡರ ವಕೀಲ ಹಂಪಣ್ಣನವರು ಕ್ಷಮಾಪಣೆ ಪತ್ರ ಹಿಡಿದು ಹೋದರು.

"ಸೇತುವೆ ಗಟ್ಟಿ ಐತಿ ಅಂತ ಸಹಿ ಮಾಡ್ರಿ ಅವ್ವಾರ. ಇಲ್ಲಾಂದ್ರ ಪತ್ರಿಕೆ ಮುಚ್ಚಿಸ್ತಾರ."

"ಮಾಡ್ತೀನ್ರಿ. ಆದ್ರ ಆ ಸೇತುವೆ ಕೆಳಗ ಕೂತು ಮಾಡೂಣು. ಗೌಡ್ರೂ ಬರಲಿ, ಮಂದೀನೂ ನೋಡಲಿ."

ಗೌಡರು ಒಪ್ಪಿದರು. ಬತ್ತಿದ ಹಳ್ಳದಲ್ಲಿ ಜಮಖಾನೆ ಹಾಸಿ ಮೂವರೂ ಕೂತರು. ನೀಲವ್ವ ನಿಧಾನವಾಗಿ ಪತ್ರ ಓದತೊಡಗಿದಳು. ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಸೇತುವೆ ಹತ್ತಿತು. ಮೇಲಿನಿಂದ ಸಿಮೆಂಟಿನ ಪುಡಿ ಉದುರಿತು. ಗೌಡರು ಚಪ್ಪಲಿ ಬಿಟ್ಟು ಓಡಿದರು. ತಾವೂ ಓಡಿದ್ದು ವಕೀಲರಿಗೆ ತಿಳಿದದ್ದು ದಂಡೆ ಮುಟ್ಟಿದ ಮೇಲೆ. ತಿರುಗಿ ನೋಡಿದರೆ ನೀಲವ್ವ ಕೂತಲ್ಲೇ ಕೂತು ಕಾಗದದ ಮೇಲೆ ಬಿದ್ದ ಪುಡಿ ಕೊಡವುತ್ತಿದ್ದಳು.

"ಬರ್ರಿ ಗೌಡ್ರ, ಸಹಿ ಮಾಡೂಣು."

ದಂಡೆಯ ಮೇಲಿನ ಮಂದಿ ನಕ್ಕರು. ಮರುದಿನವೇ ದಾವೆ ವಾಪಸಾಯಿತು.

ಬೆರಗು ತಡೆಯಲಾಗದೆ ವಕೀಲರು ಕೇಳಿದರು, "ಬೀಳ್ತೈತಿ ಅಂತ ಬರದವ್ರು ನೀವ. ಅಂಜಿಕಿ ಆಗಲಿಲ್ಲೇನ್ರಿ?"

"ಜೀವ ಬಾಯಿಗೆ ಬಂದಿತ್ರಿ. ಆದ್ರ ನಾ ಮೊದಲು ಓಡಿದ್ರ, ಹೆಂಗಸು ಹೆದರಿದ್ಲು ಅಂತಿದ್ರು. ಕಟ್ಟಿಸಿದವ್ರ ಮೊದಲು ಓಡಬೇಕಿತ್ತು."