ದಿಬ್ಬದ ಈಚೆಯ ತಗ್ಗು

“ಇದಕ್ಕಿಂತ ತಗ್ಗಿನ ಜಾಗ ಇನ್ನಿಲ್ಲ ಎಂದು ಯಾವಾಗ ಹೇಳಬಹುದು ಸರ್?”

ಕೇಳಿದವಳು ಶಿವಲೀಲಾ. ಮೂಲಕಣಗಳ ಸಿದ್ಧಾಂತದಲ್ಲಿ ಏಳು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು. ಅವಳ ಸಮೀಕರಣದಲ್ಲಿ ಶಕ್ತಿಯು ಉಬ್ಬುತಗ್ಗಿನ ನೆಲದಂತೆ ಹರಡಿಕೊಂಡಿತ್ತು. ಅದರಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗವನ್ನು ಹುಡುಕಬೇಕು. ಪ್ರಕೃತಿ ಕೊನೆಗೆ ನೆಲೆ ನಿಲ್ಲುವುದು ಅಲ್ಲಿಯೇ. ಕಂಪ್ಯೂಟರು ಒಂದು ಬಿಂದುವಿನಿಂದ ಹೊರಟು ಇಳಿಯುತ್ತ ಹೋಗಿ, ಯಾವ ಕಡೆ ಹೆಜ್ಜೆಯಿಟ್ಟರೂ ಏರು ಎನ್ನುವಲ್ಲಿ ನಿಂತುಬಿಡುತ್ತಿತ್ತು.

“ನಲವತ್ತು ಸಾವಿರ ಬಿಂದುಗಳಿಂದ ಹೊರಡಿಸಿ ನೋಡಿದೆ. ಎಲ್ಲವೂ ಒಂದೇ ಕಡೆ ಬಂದು ನಿಂತವು.”

“ಆ ಬಿಂದುಗಳನ್ನು ಎಲ್ಲಿಂದ ಆರಿಸಿದೆ?” ಪ್ರೊಫೆಸರ್ ಹಾಲಪ್ಪ ಕೇಳಿದರು.

“ನಿಮ್ಮ ಹಳೆಯ ಪ್ರಬಂಧದಲ್ಲಿ ಹಾಕಿಕೊಟ್ಟ ಎಲ್ಲೆಯೊಳಗಿಂದ. ಇಪ್ಪತ್ತೆರಡು ವರ್ಷದಿಂದ ಎಲ್ಲರೂ ಬಳಸುವುದು ಅದನ್ನೇ. ಸಾಕಾಗಿದೆ ಸರ್. ಸಹಿ ಹಾಕಿಬಿಡಿ.”

ಅವಳ ಮಹಾಪ್ರಬಂಧದ ಕೊನೆಯ ವಾಕ್ಯ, ‘ಇದಕ್ಕಿಂತ ತಗ್ಗು ಬೇರೆ ಇಲ್ಲ.’ ಹಾಲಪ್ಪ ಪೆನ್ನು ತೆಗೆದುಕೊಂಡರು. ಮುಚ್ಚಳ ತೆಗೆಯಲಿಲ್ಲ. ಕತೆ ಹೇಳಿದರು.

ಕೆರೆ ಕಟ್ಟಿಸುವವನೊಬ್ಬನಿದ್ದ. ಒಂದು ಸೀಮೆಯವರು ಅವನನ್ನು ಕರೆಸಿ, ಇಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗ ತೋರಿಸು, ಅಲ್ಲಿ ಕೆರೆ ಕಟ್ಟೋಣ ಎಂದರು. ಸೀಮೆಯ ತುಂಬ ಆಳೆತ್ತರದ ಮುಳ್ಳುಪೊದೆ. ಹತ್ತು ಮಾರು ಆಚೆಗೆ ಏನೂ ಕಾಣದು. ಅವನ ಪದ್ಧತಿ ಬೇರೆಯೇ ಇತ್ತು. ಹೆಗಲ ಮೇಲೆ ಕೊಡ ಹೊತ್ತು ನಡೆಯುವನು. ನೆಲಕ್ಕೆ ಒಂದಿಷ್ಟು ನೀರು ಹೊಯ್ದು, ಅದು ಹರಿದ ಕಡೆಗೆ ತಾನೂ ಹೋಗಿ ಮತ್ತೆ ಹೊಯ್ಯುವನು. ನೀರು ಎಲ್ಲಿಯೂ ಹರಿಯದೆ ನಿಂತಲ್ಲಿ ಗೂಟ ಹೊಡೆಯುವನು.

ಮೂರು ದಿನ ಮೂರು ದಿಕ್ಕಿನಿಂದ ಹೊರಟ. ಮೂರು ದಿನವೂ ನೀರು ಒಂದೇ ತಗ್ಗಿನಲ್ಲಿ ನಿಂತಿತು. ಭುಜ ಹುಣ್ಣಾಗಿತ್ತು, ಅಂಗಾಲಿನಲ್ಲಿ ಮುಳ್ಳು ಮುರಿದಿತ್ತು. ಅಂತೂ ಮುಗಿಯಿತು ಎಂದು ಗೂಟ ಎತ್ತಿಕೊಂಡ.

ಅಲ್ಲಿ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ನಕ್ಕಳು. “ಏನಣ್ಣ, ಮೂರು ದಿನದಿಂದ ತರ್ಪಣ ಬಿಡ್ತಾ ಇದ್ದೀಯ, ಸತ್ತವರು ಯಾರು?”

“ತಗ್ಗು ಹುಡುಕ್ತಾ ಇದ್ದೆ ಕಣಜ್ಜಿ. ಸಿಕ್ಕಿತು.”

“ಆ ದಿಬ್ಬದ ಆಚೆ ಹೊಯ್ದು ನೋಡಿದೆಯಾ? ನಮ್ಮ ಹಟ್ಟಿ ಇರೋದು ಅಲ್ಲೇ.”

ಅವನು ಪೊದೆಗಳ ಮೇಲೆ ತಲೆಯೆತ್ತಿದ್ದ ದಿಬ್ಬದ ಕಡೆ ನೋಡಿದ. ಕಡಿದಾಗಿತ್ತು. ಮೂರು ದಿನವೂ ತಾನು ಹೊರಟದ್ದು ಅದರ ಈಚೆಯಿಂದಲೇ ಎಂಬುದು ಆಗ ನೆನಪಾಯಿತು. ಸಿಟ್ಟು ಬಂತು. “ನಾನು ಹೋಗೋದು ನೀರು ಹೋದ ಕಡೆಗೆ. ನೀರು ಎಲ್ಲಾದರೂ ದಿಬ್ಬ ಹತ್ತುತ್ತದೆಯೇ?”

“ನೀರಿಗೆ ಕಾಲಿಲ್ಲಪ್ಪ,” ಎಂದಳು ಮುದುಕಿ. “ನಿನಗಿದೆಯಲ್ಲ.”

ಅವಳು ಆಡುಗಳನ್ನು ಅಟ್ಟಿಕೊಂಡು ಹೋದಳು. ಅವನು ಇನ್ನೊಮ್ಮೆ ದಿಬ್ಬ ನೋಡಿದ, ಕೊಡ ನೋಡಿದ. ಕೊಡದಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನು ಮುಖಕ್ಕೆ ಎರಚಿಕೊಂಡು, ನಿಂತಲ್ಲಿಯೇ ಗೂಟ ಹೊಡೆದ.

ಸೀಮೆಯ ಜನ ಮೂರು ಬೇಸಿಗೆ ಮಣ್ಣು ಹೊತ್ತರು. ಕೆರೆಯಾಯಿತು. ಎರಡು ಮಳೆಗಾಲ ಚೆನ್ನಾಗಿ ತುಂಬಿತು. ಅವನಿಗೆ ಶಾಲು ಹೊದಿಸಿದರು. ಮೂರನೆಯ ವರ್ಷ ದೊಡ್ಡ ಮಳೆ ಬಂತು. ಕೆರೆಯ ಏರಿ ಗಟ್ಟಿಯಾಗಿ ನಿಂತಿತು. ಒಡೆದದ್ದು ದಿಬ್ಬ. ಎಲ್ಲೋ ತೆಳುವಾಗಿದ್ದ ಜಾಗ ಹಿಡಿದು ನೀರು ಅದನ್ನು ಕೊರೆಯಿತು, ಇಡೀ ಕೆರೆ ಆಚೆಗೆ ಇಳಿದುಹೋಯಿತು. ಹಟ್ಟಿಯಿದ್ದ ಕುರುಹೂ ಉಳಿಯಲಿಲ್ಲ. ಮುದುಕಿ ಮಾತ್ರ ಎರಡು ಆಡು ಹಿಡಿದುಕೊಂಡು ಬಂಡೆಯ ಮೇಲೆ ನಿಂತಿದ್ದಳು. ಅವನು ಹುಡುಕದೆ ಬಿಟ್ಟ ತಗ್ಗನ್ನು ನೀರೇ ಹುಡುಕಿಕೊಂಡಿತ್ತು.

ಹಾಲಪ್ಪ ಕತೆ ನಿಲ್ಲಿಸಿದರು.

ಶಿವಲೀಲಾ ಕೇಳಿದಳು, “ಅವನಿಗೆ ದಿಬ್ಬ ಕಾಣುತ್ತಿತ್ತಲ್ಲ ಸರ್, ಆದರೂ ಏಕೆ ಹತ್ತಲಿಲ್ಲ?”

ಹಾಲಪ್ಪ ಸಹಿಯಿಲ್ಲದ ಹಾಳೆಯನ್ನು ಅವಳ ಕಡೆಗೆ ಸರಿಸಿ ಹೇಳಿದರು:

“ಇಪ್ಪತ್ತೆರಡು ವರ್ಷದ ಹಿಂದೆ ಆ ಎಲ್ಲೆ ಹಾಕಿದ ದಿನ ನನಗೂ ಸಾಕಾಗಿತ್ತಮ್ಮ.”